ತಪ್ಪಾದರೂ ಗೊತ್ತಾಗದ ಜಾಗ

ನಾನು ಅಣಕಿಸಲು ಕಲಿತ ಮೊದಲ ವಸ್ತು ನನ್ನ ಸೋದರಮಾವನ ಕೆನ್ನೆ. ಆಗ ನನಗೆ ಆರು ವರ್ಷ. ಮುಂಬೈ ಬಳಿಯ ಕಲ್ಯಾಣದ ಒಂದು ಮದುವೆ ಹಾಲಿನಲ್ಲಿ ವಾಲಗದವರ ಎದುರಿಗೇ ಕುಳಿತು, ಸ್ಯಾಕ್ಸೋಫೋನ್ ಊದುತ್ತಿದ್ದ ಮಾವನ ಮುಖವನ್ನು ಇದ್ದ ಹಾಗೇ ಮಾಡಿ ತೋರಿಸಿದೆ. ಕೆನ್ನೆ ಎರಡೂ ಗುಂಡಗೆ, ಕಣ್ಣು ಹೊರಗೆ, ಹುಬ್ಬು ಮಾತ್ರ ತಾಳಕ್ಕೆ ಸರಿಯಾಗಿ ಮೇಲೆ ಕೆಳಗೆ. ಡೋಲಿನವನಿಗೆ ನಗು ತಡೆಯದೆ ಒಂದು ಪೆಟ್ಟು ತಪ್ಪಿತು. ಅಮ್ಮ ನನ್ನ ತೊಡೆ ಚಿವುಟಿದರು. ಮಾವ ಮಾತ್ರ ಊದುವುದನ್ನು ನಿಲ್ಲಿಸದೆಯೇ ನನಗೊಂದು ಕಣ್ಣು ಹೊಡೆದರು. ಅದನ್ನು ನಾನು ಪರವಾನಗಿ ಎಂದು ತಿಳಿದುಕೊಂಡೆ. ಆಮೇಲೆ ಡೊಂಬಿವಲಿಯ ನಮ್ಮ ಸೊಸೈಟಿಯ ಚೇರ್ಮನ್ನರು, ಸ್ಲೋ ಲೋಕಲ್ ರೈಲಿನಲ್ಲಿ ಹೇರ್‌ಪಿನ್ ಮಾರುವ ಮೌಶಿ, ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ವಂದನಾರ್ಪಣೆಗೆಂದು ಎದ್ದು ಭಾಷಣ ಶುರುಮಾಡುವವರು, ಯಾರನ್ನೂ ಬಿಟ್ಟವನಲ್ಲ. ಈಗ ಐರೋಲಿಯ ಒಂದು ಕಾಲ್ ಸೆಂಟರಿನಲ್ಲಿ ಕುಳಿತು ದಿನಕ್ಕೆ ಒಂಬತ್ತು ಗಂಟೆ ಒಬ್ಬ ಸಭ್ಯ ಮನುಷ್ಯನನ್ನು ಅಣಕಿಸುತ್ತೇನೆ. ಅದೊಂದು ಮಾತ್ರ ಸರಿಯಾಗಿ ಬರುತ್ತಿಲ್ಲ ಎಂದು ಟೀಮ್ ಲೀಡರಿನ ದೂರು.

ಮಾವನದು ಉಡುಪಿ ಕಡೆಯ ವಾದ್ಯದ ಮನೆತನ. ಮೂವತ್ತು ವರ್ಷ ಡೊಂಬಿವಲಿಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಂಡರು. ಪಂಚಾಂಗದಲ್ಲಿ ಮುಹೂರ್ತ ಇದ್ದ ದಿನಗಳಲ್ಲಿ ಮಾತ್ರ ಅವರಿಗೆ ತಪ್ಪದೆ ಹೊಟ್ಟೆನೋವು ಬರುತ್ತಿತ್ತು. ಠಾಣೆಯಿಂದ ಬದಲಾಪುರದವರೆಗೆ ನಮ್ಮವರ ಮದುವೆ ಎಲ್ಲಿ ನಡೆದರೂ ಧಾರೆಯ ಹೊತ್ತಿಗೆ ಅವರ ಸ್ಯಾಕ್ಸೋಫೋನ್ ಇರಲೇಬೇಕು. ಅಷ್ಟು ಮದುವೆಗಳಲ್ಲಿ ಊದಿಯೂ ಮಾವ ಒಂದು ಮದುವೆಯನ್ನೂ ಕಣ್ತುಂಬ ನೋಡಿದವರಲ್ಲ. ಅವರು ನೋಡುತ್ತಿದ್ದದ್ದು ಭಟ್ಟರ ತೋರುಬೆರಳನ್ನು. ಆ ಬೆರಳು ಮೇಲೆದ್ದು ಅಲುಗಿತೋ, ಯಾವ ರಾಗದ ಯಾವ ಮೂಲೆಯಲ್ಲಿದ್ದರೂ ಸರಿ, ಅಲ್ಲಿಂದಲೇ ಗಟ್ಟಿಮೇಳಕ್ಕೆ ಹಾರಬೇಕು. ಯಾರ ಸೀನು, ಯಾರ ಅಪಶಕುನದ ಮಾತು, ಯಾವ ಮಗುವಿನ ಅಳು ಕೂಡ ಮದುಮಕ್ಕಳ ಕಿವಿಗೆ ಬೀಳಬಾರದು. ಬೆರಳು ಕೆಳಗಿಳಿಯುವ ತನಕ ಉಸಿರು ಬಿಡುವ ಹಾಗಿಲ್ಲ.

ಒಮ್ಮೆ ಕಲ್ಯಾಣದಲ್ಲೇ, ಮುಂದಿನ ಸಾಲಿನ ಅಜ್ಜ ಒಬ್ಬರು ಜ್ಯೂಸ್ ಹಂಚುವವನನ್ನು ಕರೆಯಲು ಬೆರಳೆತ್ತಿದರು. ಮಾವ ಗಟ್ಟಿಮೇಳ ಊದಿಬಿಟ್ಟರು. ಮದುಮಗ ಗಾಬರಿಯಾಗಿ ಅರ್ಧ ಮಂತ್ರದಲ್ಲೇ ತಾಳಿ ಕಟ್ಟಿದ. ಆ ಜೋಡಿ ಈಗಲೂ ಚೆನ್ನಾಗಿಯೇ ಇದೆ.

ಇಂಥ ಮಾವನ ಮೇಲಿನ ಹಲ್ಲುಗಳು ಕಳೆದ ವರ್ಷ ಒಂದೊಂದಾಗಿ ಕೈಕೊಟ್ಟವು. ಹಲ್ಲಿನ ಡಾಕ್ಟರು ಉಳಿದವನ್ನೂ ಕಿತ್ತು ಕಟ್ಟುಹಲ್ಲಿನ ಸೆಟ್ಟು ಕೂರಿಸಿದರು. ನಗುವಿಗೆ ಅದು ಬಹಳ ಚೆಂದ. ಆದರೆ ಸ್ಯಾಕ್ಸೋಫೋನಿನ ಬಾಯಿಯನ್ನು ಮೇಲಿನ ಹಲ್ಲಿಗೆ ಒತ್ತಿ ಹಿಡಿದೇ ಊದಬೇಕು. ಒತ್ತಿದರೆ ಸೆಟ್ಟು ಜಾರುತ್ತದೆ, ಸೆಟ್ಟು ಜಾರಿದರೆ ಸ್ವರವೂ ಜಾರುತ್ತದೆ. ಮಾವ ಮನೆಯಲ್ಲಿ ಬಾತ್ರೂಮಿನ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿ ನೋಡಿದರು. ಮಾರನೆಯ ದಿನ ಕೆಳಗಿನ ಮನೆಯ ನಮ್ಮೂರಿನ ಹೆಂಗಸು ಮೆಟ್ಟಿಲಲ್ಲಿ ಸಿಕ್ಕಿ, ನಿಮ್ಮ ಗೀಸರಿಗೆ ಏನಾಗಿದೆ ಎಂದು ಬಹಳ ಕಾಳಜಿಯಿಂದ ವಿಚಾರಿಸಿದರು. ಅಂದು ಪೆಟ್ಟಿಗೆಯೊಳಗೆ ಹೋದ ಸ್ಯಾಕ್ಸೋಫೋನ್ ಎಂಟು ತಿಂಗಳು ಹೊರಗೆ ಬರಲಿಲ್ಲ.

ಅಷ್ಟರಲ್ಲಿ ನನ್ನ ಅಕ್ಕನ ಮದುವೆ ನಿಶ್ಚಯವಾಯಿತು. ಅವಳು ಮಗುವಾಗಿದ್ದಾಗ ಅತ್ತಾಗಲೆಲ್ಲ ಮಾವ ಹೇಳುತ್ತಿದ್ದ ಒಂದು ಮಾತಿತ್ತು: ನಿನ್ನ ಧಾರೆಯ ದಿನ ಎಷ್ಟು ಗಟ್ಟಿ ಊದುತ್ತೇನೆಂದರೆ ಮೂರು ಸ್ಟೇಷನ್ ಆಚೆಯ ವಿಠ್ಠಲವಾಡಿಯಲ್ಲಿ ನಿಂತವರಿಗೂ ಕೇಳಬೇಕು. ಅಕ್ಕ ಅದನ್ನು ಮರೆತಿರಲಿಲ್ಲ. ಮಾವ ಅಮ್ಮನಿಗೆ ಫೋನು ಮಾಡಿ, ಬೇರೆ ವಾಲಗದವರಿಗೆ ಹೇಳಿಡು, ನನ್ನಿಂದ ಆಗಲಿಕ್ಕಿಲ್ಲ ಎಂದರು. ಅಮ್ಮ ಆಗಲಿ ಎನ್ನುವಷ್ಟರಲ್ಲಿ ಅಕ್ಕ ಫೋನು ಕಸಿದುಕೊಂಡಳು.

"ಮಾವ, ನೀವು ಊದದಿದ್ದರೆ ನನಗೆ ವಾಲಗವೇ ಬೇಡ. ಯಾರಾದ್ರೂ ಮೊಬೈಲಲ್ಲಿ ಹಾಕ್ಲಿ."

ಮಾವ ಆ ಕಡೆಯಿಂದ ನೋಡುವ ಎಂದಷ್ಟೇ ಹೇಳಿ ಫೋನು ಇಟ್ಟರಂತೆ. ಆಮೇಲೆ ನನಗೆ ಒಬ್ಬನಿಗೇ ಅವರು ಹೇಳಿದ್ದು ಬೇರೆ. ಸ್ವರ ತಪ್ಪುವುದಕ್ಕೆ ಅವರ ಹೆದರಿಕೆಯಲ್ಲ. ಗಟ್ಟಿಮೇಳದ ನಡುವೆ ಸೆಟ್ಟು ಹಾರಿ ಮದುಮಗಳ ಮಡಿಲಿಗೆ ಬಿದ್ದರೆ ಏನು ಗತಿ? ಅದಕ್ಕಿಂತ ದೊಡ್ಡ ಅಪಶಕುನ ಯಾವ ಪಂಚಾಂಗದಲ್ಲಿದೆ? ನಾನು ನಗಬಾರದೆಂದು ತುಟಿ ಕಚ್ಚಿಕೊಂಡೆ. ಕಚ್ಚಿಕೊಳ್ಳಲು ನನಗೆ ಹಲ್ಲಿದೆ ಎಂಬುದೇ ಆಗ ನಾಚಿಕೆಯೆನಿಸಿತು. ನಾಲ್ಕು ಜನರ ಮುಂದೆ ಒಮ್ಮೆ ಪೂರ್ತಿ ಉಸಿರಿನಲ್ಲಿ ಊದಿ ನೋಡದೆ ಮಾವನಿಗೆ ಧೈರ್ಯ ಬರುವಂತಿರಲಿಲ್ಲ. ಆದರೆ ಡೊಂಬಿವಲಿಯಲ್ಲಿ ಯಾವ ನಾಲ್ಕು ಜನರನ್ನು ಸೇರಿಸಿದರೂ ಅವರಲ್ಲಿ ಮೂವರು ಮಾವನ ಗುರುತಿನವರು.

ನನಗೆ ಒಂದು ಜಾಗ ಗೊತ್ತಿತ್ತು. ಬೇಲಾಪುರದಲ್ಲಿ, ಒಂದು ಹೌಸಿಂಗ್ ಸೊಸೈಟಿಯ ಕೆಳಗೆ, ಎರಡು ಅಂಗಡಿಗಳ ನಡುವಿನ ಗೋಡೆ ಒಡೆದು ಮಾಡಿದ ಸಣ್ಣ ಆರ್ಟ್ ಗ್ಯಾಲರಿ. ತಿಂಗಳಿಗೊಮ್ಮೆ ಭಾನುವಾರ ಸಂಜೆ ಅಲ್ಲಿ ಫ್ರೀ ಜಾಝ್ ನಡೆಯುತ್ತದೆ. ಹಾಡು ಇಲ್ಲ, ರಾಗ ಇಲ್ಲ, ತಾಳ ಇಲ್ಲ. ಯಾರು ಬೇಕಾದರೂ ವಾದ್ಯ ತರಬಹುದು. ಪಕ್ಕದವನು ನುಡಿಸಿದ್ದನ್ನು ಕೇಳಬೇಕು, ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸಬೇಕು. ನನ್ನ ಆಫೀಸಿನ ಗೆಳೆಯ ಅಲ್ಲಿ ಡ್ರಮ್ಸ್ ಬಾರಿಸುತ್ತಾನೆ. ನೀನು ಬಾಯಿಯಿಂದಲೇ ಏನಾದರೂ ಮಾಡು ಎಂದು ಅವನು ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ನಾನು ದಿವಾ ಸ್ಟೇಷನ್ನಿಗೆ ಫಾಸ್ಟ್ ಲೋಕಲ್ ನುಗ್ಗುವುದನ್ನು ಹಳಿ ತಪ್ಪದಂತೆ ಮಾಡಿ ತೋರಿಸಿದೆ. ಗ್ಯಾಲರಿಯ ಒಡತಿ, ಬಿಳಿಕೂದಲಿನ ಗಂಭೀರ ಹೆಂಗಸು, ಕೊನೆಯವರೆಗೂ ಕೇಳಿ ಹಿಂದಿಯಲ್ಲಿ ಮೆಲ್ಲಗೆ ಕೇಳಿದರು: ಇದು ರೈಲು, ಸರಿ. ಇದರಲ್ಲಿ ನೀನು ಎಲ್ಲಿದ್ದೀಯ? ಬಾಗಿಲಲ್ಲಿ ನೇತಾಡುತ್ತಿದ್ದೇನೆ ಎಂದೆ. ಯಾರೂ ನಗಲಿಲ್ಲ. ಮತ್ತೆ ನಾನು ಅಲ್ಲಿ ಬಾಯಿ ತೆರೆದದ್ದು ಸಮೋಸ ತಿನ್ನಲು ಮಾತ್ರ.

ಮಾವನ ಮನೆಗೆ ಹೋಗಿ ಹೇಳಿದೆ. ನಾವು ಮಾತಾಡಿಕೊಂಡದ್ದು ತುಳುವಿನಲ್ಲಿ. ಕನ್ನಡದಲ್ಲಿ ಬರೆದರೆ ಹೀಗೆ:

"ಮಾವ, ಬೇಲಾಪುರದಲ್ಲಿ ಒಂದು ಜಾಗ ಉಂಟು. ಅಲ್ಲಿ ತಪ್ಪು ನುಡಿಸಿದ್ರೂ ಗೊತ್ತಾಗುವುದಿಲ್ಲ."

"ಯಾರಿಗೆ?"

"ಯಾರಿಗೂ."

"ನುಡಿಸುವವನಿಗೂ?"

ನಾನು ಲೋಟ ಎತ್ತಿ ಒಂದು ಗುಟುಕು ಕುಡಿದೆ. ಚಹಾ ಚೆನ್ನಾಗಿದೆ ಎಂದೆ.

ಆದರೂ ಭಾನುವಾರ ಮಾವ ಹೊರಟರು. ಬಿಳಿ ಅಂಗಿ, ಹಣೆಗೆ ಕುಂಕುಮ, ಹೆಗಲಿಗೆ ಸ್ಯಾಕ್ಸೋಫೋನಿನ ಪೆಟ್ಟಿಗೆ. ಠಾಣೆಯಲ್ಲಿ ಇಳಿದು ಪನ್ವೇಲ್ ಗಾಡಿ ಹಿಡಿದೆವು. ದಾರಿಯುದ್ದಕ್ಕೂ ಅವರು ನಾಲಗೆಯಿಂದ ಸೆಟ್ಟನ್ನು ಒತ್ತಿ ಒತ್ತಿ ನೋಡುತ್ತಿದ್ದರು. ಎದುರಿಗೆ ಕುಳಿತ ಹೆಂಗಸು ತನ್ನನ್ನೇ ಅಣಕಿಸುತ್ತಿದ್ದಾರೆಂದು ತಿಳಿದು ಸೀಟು ಬದಲಾಯಿಸಿದಳು. ನಮ್ಮ ಮನೆತನದಲ್ಲಿ ಹೀಗೆ ಅಪಾರ್ಥಕ್ಕೆ ಗುರಿಯಾಗುವುದು ಸಾಮಾನ್ಯವಾಗಿ ನಾನು.

ಗ್ಯಾಲರಿಯ ಬಾಗಿಲಲ್ಲಿ ಮಾವ ಚಪ್ಪಲಿ ಬಿಟ್ಟರು. ವಾದ್ಯ ನುಡಿಸುವ ಜಾಗಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವುದು ಅವರಿಂದ ಸಾಧ್ಯವೇ ಇರಲಿಲ್ಲ. ಹಿಂದಿನಿಂದ ಬಂದವರು ಅದನ್ನು ನೋಡಿ, ಇವತ್ತಿನ ನಿಯಮ ಇದೇ ಇರಬೇಕೆಂದು ತಾವೂ ಬಿಚ್ಚಿದರು. ಐದು ನಿಮಿಷದಲ್ಲಿ ಹೊಸಿಲ ಮುಂದೆ ಬೂಟು, ಸ್ಯಾಂಡಲ್ಲುಗಳ ರಾಶಿಯೇ ಬಿತ್ತು. ತಡವಾಗಿ ಬಂದ ಒಡತಿ ಕೂಡ ಸ್ವಲ್ಪ ಯೋಚಿಸಿ, ತಮ್ಮದೇ ಗ್ಯಾಲರಿಗೆ ಬರಿಗಾಲಲ್ಲಿ ಬಂದರು. ಒಳಗೆ ಮಾವ ಪೂರ್ವ ಯಾವ ಕಡೆ ಎಂದು ಕೇಳಿ, ವಾದ್ಯವನ್ನು ಕಣ್ಣಿಗೆ ಒತ್ತಿಕೊಂಡು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ಉಳಿದ ಮೂವರಲ್ಲಿ ನನ್ನ ಗೆಳೆಯ ಡ್ರಮ್ಸಿನ ಹಿಂದೆ. ತನಗಿಂತ ಎತ್ತರದ ಡಬಲ್ ಬೇಸ್ ಹಿಡಿದು ನಿಂತ ಒಬ್ಬ ಹುಡುಗಿ. ಮತ್ತೆ, ಕುಕ್ಕರಿನ ಮುಚ್ಚಳದ ಅಂಚಿಗೆ ಪಿಟೀಲಿನ ಕಮಾನು ಉಜ್ಜಿ ಕಿರ್ರೆಂದು ಸದ್ದು ತೆಗೆಯುವ ಒಬ್ಬ ನಿವೃತ್ತ ಪ್ರೊಫೆಸರು.

ಶುರುವಾಯಿತು. ಇಬ್ಬರು ಮನೆ ಖಾಲಿ ಮಾಡುತ್ತಿರುವಾಗ ಮೂರನೆಯವನು ಮೆಟ್ಟಿಲಿನಿಂದ ಕಪಾಟು ಜಾರಿಸಿದರೆ ಎಂಥ ಸದ್ದೋ ಅಂಥದ್ದು. ನಡುನಡುವೆ ತಟ್ಟನೆ ಬಹಳ ಚೆಂದವೂ ಆಗುತ್ತಿತ್ತು, ಅದನ್ನೂ ಹೇಳಬೇಕು. ಮಾವ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ವಿನಯದಿಂದ ಕಾಯುತ್ತಿದ್ದರು. ಕಾದು ಕಾದು ನನ್ನ ಕಡೆ ಬಾಗಿ, ಇವರು ಶ್ರುತಿ ಮಾಡಿ ಮುಗಿಸುವುದು ಯಾವಾಗ ಎಂದು ಕೇಳಿದರು. ಶುರುವಾಗಿ ಇಪ್ಪತ್ತು ನಿಮಿಷವಾಯಿತು ಎಂದೆ.

ಅಷ್ಟರಲ್ಲಿ ಬಿಲ್ಡಿಂಗಿನ ವಾಚ್‌ಮನ್ ಇಣುಕಿದ. ವಿಜಯಪುರದ ಕಡೆಯವನು. ನಾನು ಕನ್ನಡದವನೆಂದು ಅವನಿಗೆ ಹಿಂದಿನ ಸಲವೇ ತಿಳಿದಿತ್ತು, ಆದ್ದರಿಂದ ಸೀದಾ ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದ:

"ಅಣ್ಣಾರ, ಮ್ಯಾಲಿಂದ ಸೆಕ್ರೆಟರಿ ಸಾಹೇಬ್ರು ಫೋನ್ ಮಾಡ್ಯಾರ್ರೀ. ಯಾರನ್ನ ಕೇಳಿ ಬೋರ್‌ವೆಲ್ ಹೊಡಸಾಕತ್ತಾರ ಅಂತ."

ಎಂಟೂವರೆಗೆ ಮುಗಿಯುತ್ತದೆ ಎಂದು ಹೇಳಿ ಕಳಿಸಿದೆ. ತಿರುಗಿ ನೋಡಿದರೆ ಮಾವ ವಾದ್ಯ ಬಾಯಿಗಿಟ್ಟಿದ್ದರು. ಮೋಹನ ರಾಗದ ಒಂದು ಎಳೆ ತೆಗೆದರು. ಮೊದಲ ಎರಡು ಸ್ವರ ನಮ್ಮ ಮಾವನದೇ. ಮೂರನೆಯದಕ್ಕೆ ಸೆಟ್ಟು ಜಾರಿತು. ಬಾಗಿಲಿಗೆ ಬಾಲ ಸಿಕ್ಕಿದ ಬೆಕ್ಕಿನಂತೆ 'ಕೀಂಯ್ಯ್' ಎಂದು ಒಂದು ಸದ್ದು ಬಂತು. ಮಾವ ಕಣ್ಣು ಮುಚ್ಚಿಕೊಂಡರು. ಆದರೆ ಬೇಸಿನ ಹುಡುಗಿ ಮುಖ ಅರಳಿಸಿ ತನ್ನ ತಂತಿಯಿಂದ ಅದೇ ಕೀಂಯ್ಯ್ ತೆಗೆದಳು. ಪ್ರೊಫೆಸರರ ಮುಚ್ಚಳವೂ ಕೀಂಯ್ಯ್ ಎಂದಿತು. ಸಭೆಯಲ್ಲಿ ಯಾರೋ ಆಹಾ ಎಂದರು. ಮಾವ ಇನ್ನೆರಡು ಸಲ ಪ್ರಯತ್ನಿಸಿದರು, ಎರಡು ಸಲವೂ ಬೆಕ್ಕಿನ ಬಾಲ, ಎರಡು ಸಲವೂ ಆಹಾ.

ವಿರಾಮದಲ್ಲಿ ಜನ ಮಾವನನ್ನು ಸುತ್ತುವರಿದರು. ಖಾದಿ ಕುರ್ತಾದ ಒಬ್ಬರು, ನಿಮ್ಮ ಆ ಮೂರನೆಯ ಸ್ವರದಲ್ಲಿ ಇಡೀ ಕಾಲದ ನೋವಿತ್ತು ಎಂದರು. ನೋವು ಇತ್ತು, ವಸಡಿನಲ್ಲಿ. ಮಾವ ಎಲ್ಲರಿಗೂ ಕೈಮುಗಿದು, ನನ್ನನ್ನು ಮೂಲೆಗೆ ಕರೆದರು.

"ಅದು ತಪ್ಪಿ ಬಂದದ್ದು ಮಾರಾಯ. ಇವರು ಯಾಕೆ ತಲೆ ಆಡಿಸಿದ್ದು?"

"ಅವರಿಗೆ ಖುಷಿ ಆಯ್ತು ಮಾವ."

"ಖುಷಿ ಆಗ್ಲಿ. ತಪ್ಪು ಗೊತ್ತಾಗದ ಕಡೆ, ಸರಿ ಬಂದ್ರೆ ಮಾತ್ರ ಹೇಗೆ ಗೊತ್ತಾಗುವುದು ಹೇಳು? ನೀನು ನನ್ನನ್ನು ಕರ್ಕೊಂಡು ಬಂದದ್ದು ಎಲ್ಲಿಗೆ?"

ನನ್ನ ಹತ್ತಿರ ವಾಚ್‌ಮನ್ನನ ದನಿಯಲ್ಲೊಂದು, ಪ್ರೊಫೆಸರರ ದನಿಯಲ್ಲೊಂದು ಉತ್ತರ ಸಿದ್ಧವಿತ್ತು. ಎರಡನ್ನೂ ನುಂಗಿಕೊಂಡೆ. ಮಾವ ಗೋಡೆಯ ಕಡೆ ತಿರುಗಿ ಸೆಟ್ಟನ್ನು ತೆಗೆದು, ಕರವಸ್ತ್ರದಲ್ಲಿ ಸುತ್ತಿ, ನನ್ನ ಅಂಗಿಯ ಕಿಸೆಯಲ್ಲಿ ಇಟ್ಟರು. ವಸಡು ಉರಿಯುತ್ತದೆ, ಹೋಗುವ, ಬೇರೆಯವರಿಗೆ ಹೇಳಿಡಲು ನಿನ್ನ ಅಮ್ಮನಿಗೆ ಇವತ್ತೇ ಹೇಳು ಎಂದರು. ಹಲ್ಲಿಲ್ಲದ ಬಾಯಿಯಿಂದ ಆ ಮಾತು ಬಂದ ರೀತಿಯನ್ನು ನಾನು ಈಗಲೂ ಅಣಕಿಸಬಲ್ಲೆ. ಅಣಕಿಸಿಲ್ಲ.

ಹೊರಟೆವು. ಆದರೆ ಬಾಗಿಲಲ್ಲಿ ಮಾವನ ಚಪ್ಪಲಿ ಇಡೀ ರಾಶಿಯ ಅಡಿಯಲ್ಲಿತ್ತು, ಎಲ್ಲರಿಗಿಂತ ಮೊದಲು ಬಿಚ್ಚಿದವರು ಅವರೇ ತಾನೆ. ನಾನು ಕುಕ್ಕುರುಗಾಲಲ್ಲಿ ಕುಳಿತು ಬಗೆಯುತ್ತಿರುವಾಗಲೇ ಒಳಗೆ ಎರಡನೆಯ ಭಾಗ ಶುರುವಾಯಿತು. ನುಡಿಸುವವರು ಕುಳಿತ ಮೇಲೆ ಎದ್ದು ಹೋಗುವುದು ಮಾವನ ಮಟ್ಟಿಗೆ ಊಟದ ಪಂಕ್ತಿಯಿಂದ ಎದ್ದು ಹೋದ ಹಾಗೆ. ಇಷ್ಟಾದಮೇಲೆ ಇನ್ನರ್ಧ ಗಂಟೆ ಏನು ಎಂದು ಮತ್ತೆ ಹೋಗಿ ತಮ್ಮ ಜಾಗದಲ್ಲೇ ಕುಳಿತರು. ಕೊರಳಲ್ಲಿ ಪಟ್ಟಿ, ತೊಡೆಯ ಮೇಲೆ ಸ್ಯಾಕ್ಸೋಫೋನ್, ಬಾಯಿ ಭದ್ರವಾಗಿ ಮುಚ್ಚಿದೆ. ನಾನು ಅವರ ಪಕ್ಕದಲ್ಲಿ ಹಲ್ಲು ಕಾಯುತ್ತ ಕುಳಿತೆ.

ಎಂಟೂಕಾಲು ದಾಟಿರಬೇಕು. ವಾಚ್‌ಮನ್ ಎರಡನೆಯ ಸಲ ಬಂದು ಬಾಗಿಲಲ್ಲಿ ನಿಂತ. ಒಡತಿ ಅವನನ್ನು ನೋಡಿದರು, ಗಡಿಯಾರ ನೋಡಿದರು, ಎದ್ದು ನಿಂತರು. ಮುಗಿಸುವ ಹೊತ್ತಾದಾಗ ಅವರು ನುಡಿಸುವವರಿಗೆ ಒಂದು ಸನ್ನೆ ಮಾಡುವುದು ರೂಢಿ. ಇನ್ನು ಒಂದೇ ನಿಮಿಷ, ಮೆಲ್ಲಗೆ ಇಳಿಸಿ ಎಂದು ಅದರ ಅರ್ಥ. ಎಲ್ಲರಿಗೂ ಅದು ಗೊತ್ತಿತ್ತು. ಒಡತಿಯ ಕಣ್ಣು ಕಂಡೊಡನೆಯೇ ಡ್ರಮ್ಸು ಪಿಸುಗುಟ್ಟತೊಡಗಿತು, ಬೇಸು ಎಳೆಯಾಯಿತು, ಕುಕ್ಕರಿನ ಮುಚ್ಚಳ ಸುಮ್ಮನಾಯಿತು. ಬರಿಗಾಲಿನ ಸಭೆ ಉಸಿರು ಹಿಡಿದು ಕುಳಿತಿತ್ತು. ಆ ನಿಶ್ಶಬ್ದದಲ್ಲಿ ಒಡತಿ ಬಲಗೈ ಮೇಲೆತ್ತಿ, ತೋರುಬೆರಳನ್ನು ಎರಡು ಸಲ ಅಲುಗಿಸಿದರು.

ನನಗೆ ಹೊಳೆಯುವ ಮೊದಲೇ ಮಾವನ ಬೆನ್ನು ನೆಟ್ಟಗಾಗಿತ್ತು.

ಹಲ್ಲು ಇಲ್ಲವೆಂಬುದು ಅವರಿಗೆ ನೆನಪಿತ್ತೋ ಇಲ್ಲವೋ. ಮೇಲಿನ ತುಟಿಯನ್ನು ವಸಡಿನ ಮೇಲೆ ಒಳಕ್ಕೆ ಮಡಚಿ ವಾದ್ಯವನ್ನು ಕಚ್ಚಿದರು, ಕೆನ್ನೆ ಎರಡೂ ಗುಂಡಗಾದವು, ಗಟ್ಟಿಮೇಳ ಹೊರಟಿತು. ಜಾರಲಿಲ್ಲ, ಒಡೆಯಲಿಲ್ಲ. ಎಂಟು ತಿಂಗಳು ಪೆಟ್ಟಿಗೆಯಲ್ಲಿದ್ದದ್ದೆಲ್ಲ ಒಂದೇ ಸಲಕ್ಕೆ ಹೊರಬಂದ ಹಾಗೆ. ಗೋಡೆಯ ಚಿತ್ರವೊಂದು ಮೊಳೆಯಲ್ಲೇ ಓರೆಯಾಯಿತು. ಖಾದಿ ಕುರ್ತಾದವರ ಕೈಯಿಂದ ಕಾಗದದ ಕಪ್ಪು ಬಿತ್ತು. ಮತ್ತೆ ನನ್ನ ಕಿವಿಗೆ ಏನೋ ಕೊರತೆ ಅನಿಸಿತು. ಡೋಲಿಲ್ಲದ ಗಟ್ಟಿಮೇಳ ಎಲ್ಲಾದರೂ ಉಂಟೇ? ನನಗೆ ತಿಳಿಯುವ ಮೊದಲೇ ನನ್ನ ಬಾಯಿಯಿಂದ ಡೋಲು ಬರತೊಡಗಿತ್ತು. ಗಂಟಲು, ಎದೆ, ತೊಡೆ ಎಲ್ಲ ಸೇರಿಸಿ ಬಡಿದೆ. ಗೆಳೆಯ ನನ್ನನ್ನು ನೋಡಿ ಎರಡೂ ಕೈಯಲ್ಲಿ ಡ್ರಮ್ಸಿನ ಮೇಲೆ ಬಿದ್ದ. ಪ್ರೊಫೆಸರು ಕಮಾನು ಎಸೆದು ಮುಚ್ಚಳವನ್ನು ಜಾಗಟೆಯಂತೆ ಬಾರಿಸಿದರು. ಬೇಸಿನ ಹುಡುಗಿ ಏನು ಮಾಡಿದಳೋ ಯಾರಿಗೂ ಕೇಳಿಸಲಿಲ್ಲ.

ಬೆರಳು ಇಳಿಯುವ ತನಕ ಗಟ್ಟಿಮೇಳ ನಿಲ್ಲಿಸುವ ಹಾಗಿಲ್ಲ. ಒಡತಿಯೋ ಬಾಯಿ ತೆರೆದು ನಿಂತವರು ಬೆರಳು ಇಳಿಸುವುದನ್ನೇ ಮರೆತಿದ್ದರು. ಮಾವನ ಕಣ್ಣು ಆ ಬೆರಳಿನ ಮೇಲೆಯೇ. ಮೂರು ಮದುವೆಗೆ ಸಾಲುವಷ್ಟು ಗಟ್ಟಿಮೇಳವಾಯಿತು. ಮಾವನ ಹಣೆಯ ಕುಂಕುಮ ಬೆವರಿನಲ್ಲಿ ಮೂಗಿನ ತುದಿಗೆ ಇಳಿಯಿತು. ಕೊನೆಗೆ ನಾನೇ ಡೋಲು ಬಾರಿಸುತ್ತ ಎದ್ದು ಹೋಗಿ, ಆ ಗಂಭೀರ ಹೆಂಗಸಿನ ಕೈಹಿಡಿದು ಕೆಳಗಿಳಿಸಿದೆ. ಅದೇ ಕ್ಷಣಕ್ಕೆ ಮಾವ ನಿಂತರು, ಕತ್ತರಿಸಿದ ಹಾಗೆ.

ಚಪ್ಪಾಳೆ ಬರಲು ಸ್ವಲ್ಪ ತಡವಾಯಿತು. ಅದಕ್ಕೆ ಮೊದಲು ಕೇಳಿಸಿದ್ದು ವಾಚ್‌ಮನ್ನನ ದನಿ.

"ಯಾರ್ ಲಗ್ನರೀ ಇದು? ಸಾಹೇಬ್ರಿಗೆ ನಾ ಏನಂತ ಹೇಳ್ಲಿ?"

ಮಾವ ನನ್ನ ಕಡೆ ನೋಡಲಿಲ್ಲ. ಬೆರಳಿನಿಂದ ತುಟಿ ಮುಟ್ಟಿಕೊಂಡರು, ಮುಟ್ಟಿದ ಬೆರಳನ್ನು ನೋಡಿಕೊಂಡರು. ಆಮೇಲೆ ವಾಚ್‌ಮನ್ನನಿಗೆ, ಒಂದೂ ಮೇಲ್ಹಲ್ಲಿಲ್ಲದ ಬಾಯಿ ತುಂಬ ನಗುತ್ತ ಹೇಳಿದರು:

"ನನ್ನ ಸೊಸೆಯದ್ದು. ಬರುವ ತಿಂಗಳು. ನೀವೂ ಬನ್ನಿ."

ನಮ್ಮ ಕಡೆ ತಂಗಿಯ ಮಗಳು ಮಾವನಿಗೆ ಸೊಸೆಯೇ. ನಾನು ಅಲ್ಲೇ ಅಕ್ಕನಿಗೆ ಫೋನು ಮಾಡಿದೆ. ಮೊಬೈಲ್ ಬೇಡ, ಬೇಲಾಪುರದಿಂದ ಹೊರಟ ಗಟ್ಟಿಮೇಳ ವಿಠ್ಠಲವಾಡಿಗೆ ಇನ್ನೂ ತಲುಪಿಲ್ಲವಾ ಎಂದು ಕೇಳಿದೆ. ಅವಳು ಎಂದಿನಂತೆ ಮರಾಠಿಯಲ್ಲಿ ಬೈಯಲು ಶುರುಮಾಡಿ, ನಡುವೆ ಅರ್ಥವಾಗಿ, ಅಳತೊಡಗಿದಳು. ಒಡತಿ ನನ್ನ ಬಳಿ ಬಂದು, ಈ ಸಲ ಯಾರನ್ನು ಅಣಕಿಸಿದೆ ಎಂದು ಕೇಳಿದರು. ಕಲ್ಯಾಣದಲ್ಲಿ ಒಂದು ಪೆಟ್ಟು ತಪ್ಪಿಸಿದ ಡೋಲಿನವನನ್ನು, ಆ ಪೆಟ್ಟು ಅವನಿಗೆ ನನ್ನಿಂದ ಬಾಕಿಯಿತ್ತು ಎಂದೆ. ಈ ಸಲ ಅವರು ನಕ್ಕರು.

ಹಿಂದಿರುಗುವಾಗ ಗಾಡಿಯಲ್ಲಿ ಮಾವ ತುಟಿ ಮಡಚುವುದು, ಬಿಡುವುದು, ಮತ್ತೆ ಮಡಚುವುದು. ಠಾಣೆಯವರೆಗೂ ಅದೇ ಅಭ್ಯಾಸ. ಮುಂದಿನ ನಾಲ್ಕು ವಾರ ಬಾತ್ರೂಮಿನಲ್ಲೂ ಅದೇ. ಗೀಸರ್ ರಿಪೇರಿಯಾಯಿತಲ್ಲ, ಸಂತೋಷ ಎಂದರಂತೆ ಕೆಳಗಿನ ಮನೆಯ ಹೆಂಗಸು.

ಮದುವೆಯ ದಿನ ಡೊಂಬಿವಲಿಯ ಹಾಲಿನಲ್ಲಿ, ಧಾರೆಗೆ ಸ್ವಲ್ಪ ಮೊದಲು ಮಾವ ನನ್ನನ್ನು ಕಣ್ಣಿನಲ್ಲೇ ಕರೆದು, ಗೋಡೆಯ ಕಡೆ ತಿರುಗಿ, ಕರವಸ್ತ್ರದ ಗಂಟನ್ನು ನನ್ನ ರೇಷ್ಮೆ ಅಂಗಿಯ ಕಿಸೆಯಲ್ಲಿ ಇಳಿಬಿಟ್ಟರು. ಇನ್ನು ಹಾರಿ ಯಾರ ಮಡಿಲಿಗೆ ಬೀಳಲೂ ಅವರ ಬಾಯಲ್ಲಿ ಏನೂ ಇರಲಿಲ್ಲ. ಭಟ್ಟರ ಬೆರಳೆದ್ದಿತು. ಅಪ್ಪ ಅಮ್ಮ ಧಾರೆ ಎರೆಯುವಾಗ ಎಲ್ಲರೂ ಮದುಮಕ್ಕಳ ಕೈ ನೋಡುತ್ತಿದ್ದರು. ಅಕ್ಕ ಮಾತ್ರ ತಲೆ ತಿರುಗಿಸಿ ಮಾವನ ಕೆನ್ನೆ ನೋಡುತ್ತಿದ್ದಳು. ಭಾವ ಅದನ್ನು ವೀಡಿಯೊದಲ್ಲಿ ನೋಡಿ ಈಗಲೂ ಆಕ್ಷೇಪಿಸುತ್ತಾನೆ. ವಿಠ್ಠಲವಾಡಿಗೆ ಕೇಳಿಸಿತೋ ಗೊತ್ತಿಲ್ಲ. ಹಾಲಿನ ಹೊರಗಿನ ರಿಕ್ಷಾ ಸ್ಟ್ಯಾಂಡಿನವರು ಮಾತ್ರ ಸಾಲು ಬಿಟ್ಟು ಒಳಗೆ ಇಣುಕಿದ್ದು ನಿಜ.

ಆಮೇಲೆ ಫೋಟೋ, ಮುಯ್ಯಿ, ನೆಂಟರು ಎಂದು ನಾನು ಓಡಾಡುತ್ತಲೇ ಇದ್ದೆ. ಕುಟುಂಬದ ಫೋಟೋದಲ್ಲಿ ಮಾವ ಒಬ್ಬರದೇ ಬಾಯಿ ಮುಚ್ಚಿದೆ, ನನ್ನ ಒಬ್ಬನದೇ ಕಿಸೆ ಉಬ್ಬಿದೆ. ಊಟದ ಹಾಲಿನಲ್ಲಿ ಮೊದಲ ಪಂಕ್ತಿಗೆ ಬಡಿಸಲು ಶುರುಮಾಡಿದಾಗ ನಾನು ಬಾಗಿಲಲ್ಲಿ ನಿಂತು ಗಂಡಿನ ಕಡೆಯವರಿಗೆ ನಮ್ಮ ಹೊಸ ಬೀಗರನ್ನೇ ಅಣಕಿಸಿ ತೋರಿಸುತ್ತಿದ್ದೆ. ನಗುವಿನ ನಡುವೆ ಅತ್ತ ನೋಡಿದರೆ, ಎರಡನೆಯ ಸಾಲಿನಲ್ಲಿ, ಅಗಿಯದೆ ತಿನ್ನಲಾಗದ ಕಡಲೆ ಸುಕ್ಕ ಬಡಿಸಿದ ಎಲೆಯ ಮುಂದೆ ಮಾವ ಕುಳಿತಿದ್ದಾರೆ. ಬಲಗೈ ಮೇಲೆತ್ತಿ ನನ್ನ ಕಡೆಗೆ ತೋರುಬೆರಳು ಅಲುಗಿಸುತ್ತಿದ್ದಾರೆ.

ನಾನು ಕಿಸೆ ಹಿಡಿದುಕೊಂಡು ಓಡಿದೆ.